ಪೈಲ್ ಬಡಿಯುವಾಗ ಗೋಡೆಯನ್ನಷ್ಟೇ ನೋಡಿದರೆ ಸಾಲದು

ಪಕ್ಕದ ನಿವೇಶನದಲ್ಲಿ ಪೈಲ್ (ಪಾಯಕ್ಕೆಂದು ನೆಲದಾಳಕ್ಕೆ ಇಳಿಸುವ ಕಂಬ) ಬಡಿಯಲು ಶುರುವಾದ ದಿನವೇ ವಾದವೂ ಶುರುವಾಗುತ್ತದೆ. "ಕಪಾಟಿನಲ್ಲಿರೋ ಪಾತ್ರೆಗಳೆಲ್ಲ ಅದುರ್ತಿವೆ, ಗೋಡೆ ಉಳಿಯುತ್ತಾ?" ಅಂತ ಮನೆಯವರು ಕೇಳುತ್ತಾರೆ. "ಕಂಪನದ ಮೀಟರ್ ಮೂರು ದಾಟಿಲ್ಲ ಸಾರ್, ಏನೂ ಆಗಲ್ಲ" ಅಂತ ಗುತ್ತಿಗೆದಾರರ ಕಡೆಯವರು ಹೇಳುತ್ತಾರೆ. ಇಬ್ಬರೂ ನೋಡುತ್ತಿರುವುದು ಗೋಡೆಯನ್ನು. ಪೈಲಿಂಗ್‌ನಿಂದ ನಿಜವಾಗಿ ಕೆಟ್ಟ ಕಟ್ಟಡಗಳಲ್ಲಿ ತೊಂದರೆ ಬಹಳ ಸಲ ಹುಟ್ಟುವುದು ಗೋಡೆಯಲ್ಲಲ್ಲ, ಅದರ ಪಾಯದ ಕೆಳಗಿನ ಮಣ್ಣಿನಲ್ಲಿ.

ಮೊದಲು ಮೈಗೆ ತಿಳಿಯುವ ಕಂಪನದ ವಿಷಯ. ನೆಲದ ಒಂದು ಬಿಂದು ಅಲೆ ಹಾದುಹೋಗುವಾಗ ಎಷ್ಟು ವೇಗದಲ್ಲಿ ಅಲುಗಾಡುತ್ತದೆ ಎಂಬುದರ ಗರಿಷ್ಠ ಮೌಲ್ಯವೇ ಪಿಪಿವಿ (ಪೀಕ್ ಪಾರ್ಟಿಕಲ್ ವೆಲಾಸಿಟಿ). ಇದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಬ್ರಿಟನ್ನಿನ ಬಿಎಸ್ 5228 ಮಾನದಂಡದ ಎರಡನೇ ಭಾಗದ ಪ್ರಕಾರ 0.14 ಮಿ.ಮೀ./ಸೆ. ಕಂಪನ ತೀರಾ ಸೂಕ್ಷ್ಮ ಸನ್ನಿವೇಶದಲ್ಲಿ ತಿಳಿಯಬಹುದು, 0.3ಕ್ಕೆ ಮನೆಯೊಳಗೆ ತಿಳಿಯಬಹುದು, 1ಕ್ಕೆ ದೂರು ಬರುವುದು ಸಹಜ, 10ಕ್ಕೆ ಸ್ವಲ್ಪ ಹೊತ್ತಿಗಿಂತ ಹೆಚ್ಚು ತಡೆದುಕೊಳ್ಳಲಾಗದು. ಅದೇ ದೇಶದ ಬಿಎಸ್ 7385 ಸಾಮಾನ್ಯ ಮನೆಗೆ ತೋರಿಕೆಯ ಹಾನಿಯ (ಪ್ಲಾಸ್ಟರ್ ಬಿರುಕಿನಂಥದ್ದು, ಚೌಕಟ್ಟಿಗೆ ತಗಲದ್ದು) ಮಿತಿಯನ್ನು ಸೆಕೆಂಡಿಗೆ ನಾಲ್ಕು ಸಲ ಅದುರುವ ಆವರ್ತನದಲ್ಲಿ, ಅಂದರೆ 4 ಹರ್ಟ್ಜ್‌ನಲ್ಲಿ 15 ಮಿ.ಮೀ./ಸೆ.ನಿಂದ ಶುರುಮಾಡುತ್ತದೆ. ಮೈಗೆ ತಿಳಿಯುವುದಕ್ಕೂ ಪ್ಲಾಸ್ಟರ್ ಸೀಳುವುದಕ್ಕೂ ನಡುವೆ ಸುಮಾರು 50 ಪಟ್ಟು ಅಂತರವಿದೆ. ಹಾಗಾಗಿ ಅದುರಿದ್ದು ಗೊತ್ತಾಯಿತು ಎಂಬುದು ಹಾನಿಗೆ ಸಾಕ್ಷಿಯಲ್ಲ. ಆದರೆ ಅದನ್ನೇ ಹಿಡಿದು ಮನೆಯವರ ಬಾಯಿ ಮುಚ್ಚಿಸುವುದೂ ಸರಿಯಲ್ಲ, ಯಾಕೆಂದು ಮುಂದೆ ಬರುತ್ತದೆ.

ಬೇರೆಲ್ಲವನ್ನೂ ಬಿಟ್ಟು ವೇಗವನ್ನೇ ಯಾಕೆ ಅಳೆಯುತ್ತಾರೆ? ಕಣದ ವೇಗವನ್ನು ಮಣ್ಣಿನಲ್ಲಿ ಅಲೆ ಸಾಗುವ ವೇಗದಿಂದ ಭಾಗಿಸಿದರೆ ಮಣ್ಣಿಗೆ ಆಗುವ ಎಳೆತದ ಅಂದಾಜು ಸಿಗುತ್ತದೆ, ಬಿರುಕು ಹುಟ್ಟಿಸುವುದು ಆ ಎಳೆತವೇ. ಮೇಲ್ಮೈ ಅಲೆ ಸೆಕೆಂಡಿಗೆ 200 ಮೀಟರ್ ಸಾಗುವ ನೆಲದಲ್ಲಿ ಪಿಪಿವಿ 10 ಮಿ.ಮೀ./ಸೆ. ಇದ್ದರೆ ಒಂದು ಮೀಟರಿಗೆ 0.05 ಮಿ.ಮೀ. ಎಳೆತ. ಇಟ್ಟಿಗೆ ಗೋಡೆ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಮೀಟರಿಗೆ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಅಂದರೆ ಬಿಸಿಲಿಗೆ ಮುಖ ಮಾಡಿದ ಗೋಡೆ ದಿನಾ ಇಷ್ಟನ್ನು ಸದ್ದಿಲ್ಲದೆ ಅನುಭವಿಸುತ್ತಿರುತ್ತದೆ. ಹಳೇ ಮನೆಗಳಲ್ಲಿ ಕಾಣುವ ಕೂದಲೆಳೆ ಬಿರುಕುಗಳಲ್ಲಿ ಬಹುಪಾಲು ಈ ಬಿಸಿ-ತಂಪಿನ ಮತ್ತು ತೇವದ ಕೆಲಸ. ಪೈಲಿಂಗ್ ಶುರುವಾದ ಮೇಲೆ ಅವು ಮೊದಲ ಸಲ ಕಣ್ಣಿಗೆ ಬೀಳುತ್ತವೆ, ಅಷ್ಟೆ.

ಪೈಲಿನಿಂದ ಕಂಪನ ಹೊರಡುವ ಬಗೆ

ಹ್ಯಾಮರ್ ಬಿದ್ದಾಗ ಪೈಲಿನ ಮೈಯುದ್ದಕ್ಕೂ ಮಣ್ಣು ಉಜ್ಜಿ ಕತ್ತರಿ ಅಲೆಗಳು (ಮಣ್ಣನ್ನು ಅಡ್ಡಕ್ಕೆ ಜಾರಿಸುವಂಥವು) ಹೊರಡುತ್ತವೆ, ತುದಿಯಿಂದ ಎಲ್ಲ ದಿಕ್ಕಿಗೂ ಅಲೆಗಳು ಚಿಮ್ಮುತ್ತವೆ. ಇವು ನೆಲದ ಮೇಲ್ಮೈಗೆ ತಲುಪಿ ರೇಲೀ ಎಂಬ ಮೇಲ್ಮೈ ಅಲೆಗಳಾಗಿ ಹರಡುತ್ತವೆ. ಏಕರೂಪದ ನೆಲದ ಮೇಲ್ಮೈಯನ್ನು ಲಂಬವಾಗಿ ಅದುರಿಸಿದಾಗ ಶಕ್ತಿಯ 67 ಶೇಕಡಾ ರೇಲೀ ಅಲೆಯಾಗಿ, 26 ಶೇಕಡಾ ಕತ್ತರಿ ಅಲೆಯಾಗಿ, 7 ಶೇಕಡಾ ಒತ್ತಡದ ಅಲೆಯಾಗಿ ಹೋಗುತ್ತದೆ ಎಂಬುದು ಮಿಲ್ಲರ್ ಮತ್ತು ಪರ್ಸಿ 1955ರಲ್ಲಿ ಮಾಡಿದ ಲೆಕ್ಕ. ಪೈಲಿಗೆ ಇದು ಹಾಗೇ ಅನ್ವಯಿಸದು, ಅಲ್ಲಿ ಮೂಲ ನೆಲದೊಳಗೆ ಇಳಿಯುತ್ತಾ ಹೋಗುತ್ತದೆ. ಆದರೂ ದೂರದ ಮನೆಗೆ ತಲುಪುವುದರಲ್ಲಿ ದೊಡ್ಡ ಪಾಲು ಮೇಲ್ಮೈ ಅಲೆಯದೇ, ಯಾಕೆಂದರೆ ಅದು ಅಗಲಕ್ಕೆ ಮಾತ್ರ ಹರಡುತ್ತದೆ, ಒಳಗಿನ ಅಲೆಗಳು ಆಳಕ್ಕೂ ಹರಡಿ ಬೇಗ ಕ್ಷೀಣಿಸುತ್ತವೆ.

ಹ್ಯಾಮರ್ ದೊಡ್ಡದಾದಷ್ಟೂ ಕಂಪನ ಜಾಸ್ತಿ ಎನ್ನುವುದು ಅರ್ಧ ಸತ್ಯ. ಪೈಲ್ ಸಲೀಸಾಗಿ ಇಳಿಯುತ್ತಿರುವಾಗ ಪೆಟ್ಟಿನ ಶಕ್ತಿ ಇಳಿಯುವುದಕ್ಕೇ ಖರ್ಚಾಗುತ್ತದೆ. ಗಟ್ಟಿ ಪದರವೋ ಹಳೇ ಪಾಯದ ಕಲ್ಲೋ ಅಡ್ಡ ಬಂದು ಪೈಲ್ ನಿಂತಿತೆಂದರೆ ಅದೇ ಪೆಟ್ಟು ನೆಲಕ್ಕೆ ಅಲೆಯಾಗಿ ಹೋಗುತ್ತದೆ. ಹಾಗಾಗಿ ಕಂಪನದ ದಾಖಲೆಯನ್ನು ಪೈಲ್ ಇಳಿಸಿದ ದಾಖಲೆಯ ಪಕ್ಕದಲ್ಲಿ ಇಟ್ಟೇ ಓದಬೇಕು. ಪ್ರತಿ 25 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬಿದ್ದವು ಎಂದು ಬರೆದಿಟ್ಟರೆ ಕಂಪನದ ಏರಿಳಿತ ಯಾವ ಆಳದ ಯಾವ ಪದರಕ್ಕೆ ಸೇರಿದ್ದೆಂದು ಹೇಳಬಹುದು. ಇದಿಲ್ಲದೆ ಬರೀ ಪಿಪಿವಿ ಪಟ್ಟಿ ಕೊಡುವ ವರದಿಗಳಿಗೆ ನನ್ನ ಲೆಕ್ಕದಲ್ಲಿ ಅರ್ಧ ಬೆಲೆ.

ಪೈಲಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಹೆಕ್‌ಮನ್ ಮತ್ತು ಹ್ಯಾಗರ್ಟಿ 1978ರಲ್ಲಿ ತೋರಿಸಿದಂತೆ, ಪೈಲಿನ ಇಂಪೀಡೆನ್ಸ್ (ಅಲೆ ಸಾಗಲು ಪೈಲ್ ಒಡ್ಡುವ ತಡೆ, ತೆಳ್ಳಗಿನ ಪೈಲಿಗೆ ಇದು ಕಡಿಮೆ) ಕಡಿಮೆಯಾದಷ್ಟೂ ನೆಲದ ಕಂಪನ ಏರುತ್ತದೆ. ತೆಳ್ಳಗಿನ ಪೈಲಿಗೆ ಭಾರೀ ಹ್ಯಾಮರ್ ಕಟ್ಟುವುದು, ಪೈಲ್ ಓರೆಯಾಗಿದ್ದರೂ ಬಡಿಯುತ್ತಲೇ ಇರುವುದು ಎರಡೂ ಬೇಡದ ಕಂಪನವನ್ನು ಕೈಯಾರೆ ತಂದುಕೊಂಡಂತೆ.

ಎಷ್ಟು ದೂರಕ್ಕೆ ಎಷ್ಟು

ಅಂದಾಜಿಗೆ ಯೂರೋಪಿನ ಕಟ್ಟಡ ಮಾನದಂಡ ಯೂರೋಕೋಡ್ 3ರ ಐದನೇ ಭಾಗದ ಹಿಂದಿನ ಆವೃತ್ತಿಯಲ್ಲಿದ್ದ ಸೂತ್ರ ಸುಲಭ. ಒಂದು ಪೆಟ್ಟಿನ ಶಕ್ತಿಯನ್ನು ಜೂಲ್‌ನಲ್ಲಿ ಬರೆದು ಅದರ ವರ್ಗಮೂಲ ತೆಗೆಯಿರಿ, ಮಣ್ಣಿನ ಗುಣಾಂಕದಿಂದ ಗುಣಿಸಿ, ಮೀಟರ್ ಲೆಕ್ಕದ ದೂರದಿಂದ ಭಾಗಿಸಿ. ಉತ್ತರ ಮಿ.ಮೀ./ಸೆ.ನಲ್ಲಿ ಬರುತ್ತದೆ. ಬಡಿಯುವ ಹ್ಯಾಮರಿಗೆ ಗುಣಾಂಕ ಸಡಿಲ ಮಣ್ಣಿನಲ್ಲಿ 0.5, ಮಧ್ಯಮದಲ್ಲಿ 0.75, ತೀರಾ ಗಟ್ಟಿ ನೆಲದಲ್ಲಿ 1. ಬಡಿಯದೆ ಅದುರಿಸಿ ಇಳಿಸುವ ವೈಬ್ರೋ ಹ್ಯಾಮರಿಗೆ 0.7. 5 ಮೀಟರಿಗಿಂತ ಹತ್ತಿರಕ್ಕೆ ಈ ಸೂತ್ರ ಬಳಸುವಂತಿಲ್ಲ.

5 ಟನ್ ತೂಕ 1.2 ಮೀಟರ್ ಎತ್ತರದಿಂದ ಬೀಳುತ್ತದೆ ಅನ್ನಿ. ಶಕ್ತಿ ಸುಮಾರು 59,000 ಜೂಲ್, ವರ್ಗಮೂಲ 243. ಮಧ್ಯಮ ಮಣ್ಣಿನಲ್ಲಿ 10 ಮೀಟರ್ ದೂರಕ್ಕೆ 18 ಮಿ.ಮೀ./ಸೆ., 20 ಮೀಟರಿಗೆ 9, 40 ಮೀಟರಿಗೆ 4.5. ಕಂಪನ ಜಾಸ್ತಿಯಾಯಿತೆಂದು ಬೀಳುವ ಎತ್ತರವನ್ನು ಅರ್ಧ ಮಾಡಿದರೆ ಕಂಪನ ಅರ್ಧವಾಗುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ 29 ಶೇಕಡಾ ಮಾತ್ರ ಇಳಿಯುತ್ತದೆ. ಅರ್ಧಕ್ಕೆ ಇಳಿಸಬೇಕಾದರೆ ಎತ್ತರವನ್ನು ಕಾಲು ಭಾಗಕ್ಕೆ, ಅಂದರೆ 30 ಸೆಂ.ಮೀ.ಗೆ ತರಬೇಕು. ಆಗ ಪ್ರತಿ ಪೆಟ್ಟಿನ ಶಕ್ತಿಯೂ ಕಾಲು ಭಾಗ, ಅಷ್ಟೇ ಆಳಕ್ಕೆ ಕನಿಷ್ಠ ನಾಲ್ಕು ಪಟ್ಟು ಪೆಟ್ಟು. ಸಡಿಲ ಮರಳಿನ ಮೇಲೆ ನಿಂತ ಮನೆಗೆ ಈ ವ್ಯಾಪಾರ ಲಾಭದ್ದೋ ನಷ್ಟದ್ದೋ ಎಂದು ಯೋಚಿಸಬೇಕಾಗುತ್ತದೆ.

ಸೂತ್ರವನ್ನು ಎಷ್ಟು ನಂಬಬಹುದು? ಅಮೆರಿಕದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ ಕೈಪಿಡಿಯಲ್ಲಿ ಬಡಿಯುವ ಹ್ಯಾಮರಿಗೆ 25 ಅಡಿ ದೂರದಲ್ಲಿ ಸಾಮಾನ್ಯ ಮೌಲ್ಯ ಸುಮಾರು 16 ಮಿ.ಮೀ./ಸೆ., ಮೇಲಿನ ಮೌಲ್ಯ ಸುಮಾರು 39. ಒಂದೇ ಬಗೆಯ ಯಂತ್ರ, ಒಂದೇ ದೂರ, ಎರಡು ಪಟ್ಟಿಗೂ ಮೀರಿದ ವ್ಯತ್ಯಾಸ. ಅದೇ ಪಟ್ಟಿಯಲ್ಲಿ ಕೊರೆದು ಹಾಕುವ ಪೈಲಿಗೆ ಇರುವುದು ಸುಮಾರು 2.3. ಹಾಗಾಗಿ ಅಂದಾಜನ್ನು ವಿಧಾನ ಆರಿಸುವುದಕ್ಕೆ ಇಟ್ಟುಕೊಳ್ಳಿ, ಕೆಲಸ ನಡೆಸುವುದಕ್ಕೆ ಸೈಟಿನಲ್ಲೇ ಅಳೆಯಿರಿ. ಮನೆಯಿಂದ ಅತಿ ದೂರದ ಪೈಲನ್ನು ಮೊದಲು ಪರೀಕ್ಷೆಗೆ ಬಡಿಯಿರಿ. ಅದರಿಂದ ಮನೆಯ ದಿಕ್ಕಿನಲ್ಲಿ ಒಂದೇ ಸಾಲಿನಲ್ಲಿ 5, 10, 20, 40 ಮೀಟರಿಗೆ ಜಿಯೋಫೋನ್ (ನೆಲದ ಕಂಪನ ಅಳೆಯುವ ಸಾಧನ) ಇಡಿ. ಬಂದ ಅಂಕಿಗಳನ್ನು ಎರಡೂ ಅಕ್ಷ ಲಾಗ್ ಇರುವ ಹಾಳೆಯಲ್ಲಿ ಗುರುತು ಹಾಕಿದರೆ ಹೆಚ್ಚುಕಡಿಮೆ ನೇರ ಗೆರೆ ಸಿಗುತ್ತದೆ. ಗೆರೆಯನ್ನು ಬಿಂದುಗಳ ನಡುವೆ ಎಳೆಯಬೇಡಿ, ಬಹುಪಾಲು ಬಿಂದುಗಳು ಕೆಳಗೆ ಬರುವಂತೆ ಮೇಲಂಚಿಗೆ ಎಳೆಯಿರಿ. ಹತ್ತಿರದ ಪೈಲಿಗೆ ಎಷ್ಟು ಕಂಪನ ಬರಬಹುದೆಂದು ಆ ಗೆರೆ ಹೇಳುತ್ತದೆ.

ಮಿತಿ ಅನ್ನುವುದು ಒಂದು ಅಂಕಿಯಲ್ಲ

ಜರ್ಮನಿಯ ಡಿಐಎನ್ 4150 ಮಾನದಂಡದ ಮೂರನೇ ಭಾಗವನ್ನು ಬಹಳ ದೇಶಗಳಲ್ಲಿ ಬಳಸುತ್ತಾರೆ. ಅಲ್ಪಾವಧಿ ಕಂಪನಕ್ಕೆ, ಪಾಯದಲ್ಲಿ ಅಳೆದಾಗ, ವಾಸದ ಮನೆಗೆ 10 ಹರ್ಟ್ಜ್ ವರೆಗೆ 5 ಮಿ.ಮೀ./ಸೆ., 10ರಿಂದ 50 ಹರ್ಟ್ಜ್‌ಗೆ 5ರಿಂದ 15, 50ರಿಂದ 100ಕ್ಕೆ 15ರಿಂದ 20. ಕಾರ್ಖಾನೆ, ಕಚೇರಿ ಕಟ್ಟಡಗಳಿಗೆ ಇದೇ ಕ್ರಮದಲ್ಲಿ 20, 20ರಿಂದ 40, 40ರಿಂದ 50. ಪಾರಂಪರಿಕ, ನಾಜೂಕು ಕಟ್ಟಡಕ್ಕೆ 3, 3ರಿಂದ 8, 8ರಿಂದ 10. ಮೇಲಿನ ಉದಾಹರಣೆಯ ಹ್ಯಾಮರಿನಿಂದ 15 ಹರ್ಟ್ಜ್ ಕಂಪನ ಬರುತ್ತಿದ್ದರೆ ವಾಸದ ಮನೆಗೆ ಮಿತಿ 6.25, ಅಂದರೆ ಪೂರ್ತಿ ಎತ್ತರದಿಂದ ಬಡಿಯಲು ಸುಮಾರು 29 ಮೀಟರ್ ದೂರ ಬೇಕು.

ಆವರ್ತನ ಕಡಿಮೆಯಾದಾಗ ಮಿತಿ ಬಿಗಿಯಾಗುವುದಕ್ಕೆ ಕಾರಣಗಳಿವೆ. ಒಂದೇ ವೇಗಕ್ಕೆ ಕಡಿಮೆ ಆವರ್ತನದಲ್ಲಿ ಅಲುಗಾಟದ ದೂರ ಜಾಸ್ತಿ: 10 ಮಿ.ಮೀ./ಸೆ. ಎಂಬುದು 30 ಹರ್ಟ್ಜ್‌ನಲ್ಲಿ 0.05 ಮಿ.ಮೀ., 5 ಹರ್ಟ್ಜ್‌ನಲ್ಲಿ 0.32 ಮಿ.ಮೀ. ಇನ್ನೊಂದು ಅನುರಣನ. ಒಂದೆರಡು ಅಂತಸ್ತಿನ ಮನೆಗಳ ಸ್ವಂತ ಆವರ್ತನ ಸಾಮಾನ್ಯವಾಗಿ 4ರಿಂದ 12 ಹರ್ಟ್ಜ್ ನಡುವೆ, ಗೋಡೆ ಮತ್ತು ಸ್ಲ್ಯಾಬ್‌ಗಳದ್ದು ಅದಕ್ಕಿಂತ ಮೇಲೆ. ನೆಲದ ಕಂಪನ ಆ ಆವರ್ತನಕ್ಕೆ ತಾಳ ಹಾಕಿದರೆ ಪಾಯದಲ್ಲಿ 3 ಇದ್ದದ್ದು ಸ್ಲ್ಯಾಬಿನ ನಡುವೆ 9 ಆಗಬಹುದು. ಮೊದಲ ಮಹಡಿಯವರ ದೂರು ಸುಳ್ಳಲ್ಲ, ಅವರು ನಿಂತ ಜಾಗದಲ್ಲಿ ನಿಜವಾಗಿಯೂ ಹೆಚ್ಚು ಅದುರುತ್ತಿರುತ್ತದೆ.

ಇಲ್ಲಿ ನಡೆಯುವ ಒಂದು ದೊಡ್ಡ ತಪ್ಪೆಂದರೆ ಬಂಡೆ ಸಿಡಿಸುವ ಕೆಲಸದ ಮಿತಿಯನ್ನು ಎತ್ತಿ ತಂದು ಪೈಲಿಂಗ್‌ಗೆ ಅಂಟಿಸುವುದು. ಅಮೆರಿಕದ ಬ್ಯೂರೋ ಆಫ್ ಮೈನ್ಸ್ 1980ರಲ್ಲಿ ಕೊಟ್ಟ 50 ಮಿ.ಮೀ./ಸೆ. ಎಂಬ ಅಂಕಿ 40 ಹರ್ಟ್ಜ್ ದಾಟಿದ ಕಂಪನಕ್ಕೆ. ಕಡಿಮೆ ಆವರ್ತನದಲ್ಲಿ ಅವರದೇ ಮಿತಿ ಪ್ಲಾಸ್ಟರ್ ಗೋಡೆಗೆ 12.7. ಅಲ್ಲದೆ ಸ್ಫೋಟ ದಿನಕ್ಕೆ ಒಂದೆರಡು ಸಲ ಆಗುವಂಥದ್ದು. ಅದೇ ಸಂಸ್ಥೆ ಒಂದು ಮನೆಯನ್ನು ಯಂತ್ರದಿಂದ 12.7 ಮಿ.ಮೀ./ಸೆ. ಮಟ್ಟಕ್ಕೆ ಸತತವಾಗಿ ಅದುರಿಸಿ ನೋಡಿದಾಗ ಮೊದಲ ಬಿರುಕು ಕಂಡದ್ದು 56,000 ಆವರ್ತಗಳ ನಂತರ. ದಿನಕ್ಕೆ ಎರಡು ಸ್ಫೋಟದ (ಒಂದೊಂದಕ್ಕೂ ಹಲವು ಆವರ್ತ) ಲೆಕ್ಕದಲ್ಲಿ ಅದು 28 ವರ್ಷಕ್ಕೆ ಸಮ ಎಂದು 1984ರ ವರದಿಯಲ್ಲಿ ಬರೆದರು. ಸಮಾಧಾನದ ಮಾತೇ. ಆದರೆ ನಿಮಿಷಕ್ಕೆ 40 ಪೆಟ್ಟು ಹಾಕುವ ಹ್ಯಾಮರ್ 56,000 ಪೆಟ್ಟು ಮುಗಿಸಲು ಬೇಕಾದದ್ದು 24 ಗಂಟೆಗೂ ಕಡಿಮೆ ಕೆಲಸ, 30 ಹರ್ಟ್ಜ್‌ನ ವೈಬ್ರೋ ಹ್ಯಾಮರಿಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಆ ಪರೀಕ್ಷೆ ನಡೆದದ್ದು ಮರದ ಚೌಕಟ್ಟಿನ ಮನೆಯಲ್ಲಿ ಎಂಬುದನ್ನೂ ಮರೆಯಬಾರದು. ಡಿಐಎನ್ ಇದಕ್ಕಾಗಿಯೇ ದೀರ್ಘಾವಧಿ ಕಂಪನಕ್ಕೆ ಬೇರೆ ಪಟ್ಟಿ ಇಟ್ಟಿದೆ: ಅತಿ ಮೇಲಿನ ಮಹಡಿಯಲ್ಲಿ ಅಡ್ಡ ದಿಕ್ಕಿನ ಕಂಪನ ಕಾರ್ಖಾನೆಗೆ 10, ಮನೆಗೆ 5, ನಾಜೂಕು ಕಟ್ಟಡಕ್ಕೆ 2.5. ಬಿಎಸ್ 7385 ಕೂಡ ಸತತ ಕಂಪನಕ್ಕೆ, ಅದರಲ್ಲೂ ಅನುರಣನವಿದ್ದರೆ, ಮಿತಿಯನ್ನು ಅರ್ಧದವರೆಗೆ ಇಳಿಸಬೇಕಾಗಬಹುದು ಎನ್ನುತ್ತದೆ.

ವೈಬ್ರೋ ಹ್ಯಾಮರಿನ ಎರಡು ಕೆಟ್ಟ ಗಳಿಗೆಗಳು

ಶೀಟ್ ಪೈಲ್ (ಒಂದಕ್ಕೊಂದು ಕೊಂಡಿ ಹಾಕಿ ಗೋಡೆಯಂತೆ ಇಳಿಸುವ ಉಕ್ಕಿನ ಹಾಳೆ) ಇಳಿಸಲು ವೈಬ್ರೋ ಹ್ಯಾಮರ್ ಬಳಸುವಾಗ ಪೂರ್ತಿ ವೇಗದಲ್ಲಿ ಓಡುವಾಗಿನ ಕಂಪನ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಳಗಿನ ಭಾರಗಳು ತಿರುಗಲು ಶುರುವಾಗಿ ಸೊನ್ನೆಯಿಂದ 30 ಹರ್ಟ್ಜ್‌ಗೆ ಏರುವಾಗ ಮತ್ತು ನಿಲ್ಲಿಸುವಾಗ ಇಳಿದುಬರುವಾಗ 10-20 ಹರ್ಟ್ಜ್ ಹಾಯಬೇಕು. ಮಣ್ಣಿನ ಪದರದ ಸ್ವಂತ ಆವರ್ತನ ಬಹಳ ಕಡೆ ಅಲ್ಲೇ ಇರುತ್ತದೆ. ದಾಖಲೆಯ ಗೆರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಮೊದಲಿಗೆ ಒಂದು ಕೊಂಬು, ನಡುವೆ ಸಪಾಟಾದ ಪಟ್ಟಿ, ಕೊನೆಗೆ ಇನ್ನೊಂದು ಕೊಂಬು. ಕೊನೆಯ ಕೊಂಬು ಮೊದಲನೆಯದಕ್ಕಿಂತ ಅಗಲವಾಗಿದ್ದರೆ ಯಂತ್ರ ತಾನಾಗಿ ನಿಧಾನಕ್ಕೆ ನಿಲ್ಲುತ್ತಿದೆ ಎಂದರ್ಥ.

ಭಾರಗಳ ಹೊಂದಾಣಿಕೆ ಬದಲಾಯಿಸಬಲ್ಲ, ಅನುರಣನವಿಲ್ಲದ ಮಾದರಿಯ ಹ್ಯಾಮರುಗಳು ಇದಕ್ಕೆಂದೇ ಇವೆ. ಪೂರ್ತಿ ವೇಗ ಬರುವವರೆಗೂ ಭಾರಗಳು ಒಂದನ್ನೊಂದು ರದ್ದು ಮಾಡುವ ಸ್ಥಾನದಲ್ಲಿರುತ್ತವೆ, ಆಮೇಲೆ ಮಾತ್ರ ಕಂಪನ ತೆರೆದುಕೊಳ್ಳುತ್ತದೆ. ಮನೆಗಳ ನಡುವೆ ಕೆಲಸವಿದ್ದರೆ ಬಾಡಿಗೆ ಹೆಚ್ಚಾದರೂ ಇದನ್ನೇ ತರಿಸುವುದು ಮೇಲು. ಆದರೆ ಅದನ್ನು ತಂದ ಮಾತ್ರಕ್ಕೆ ಮುಗಿಯಲಿಲ್ಲ. ಪೈಲ್ ಗಟ್ಟಿ ಪದರಕ್ಕೆ ತಾಗಿ ಹೈಡ್ರಾಲಿಕ್ ಶಕ್ತಿ ಸಾಲದಾದಾಗ ಆವರ್ತನ ತಾನಾಗಿ ಕುಸಿಯುತ್ತದೆ, 35ರಲ್ಲಿ ಓಡುತ್ತಿದ್ದದ್ದು 20ಕ್ಕೆ ಬರುತ್ತದೆ, ಮನೆಯಲ್ಲಿ ರೀಡಿಂಗ್ ಜಿಗಿಯುತ್ತದೆ. ಆಪರೇಟರ್ ಮುಂದಿರುವ ಆವರ್ತನದ ಮೀಟರಿಗೆ ಒಂದು ಕೆಳಮಿತಿ ಬರೆದು ಅಂಟಿಸಿ. ಅದಕ್ಕಿಂತ ಇಳಿದರೆ ಒತ್ತುವುದನ್ನು ನಿಲ್ಲಿಸಿ, ಪೈಲನ್ನು ಸ್ವಲ್ಪ ಮೇಲೆತ್ತಿ, ಮತ್ತೆ ಪೂರ್ತಿ ವೇಗ ಬಂದ ಮೇಲೆ ಇಳಿಸಬೇಕು. ಶೀಟ್‌ಗಳ ಕೊಂಡಿಯಲ್ಲಿ ಮಣ್ಣು ಸಿಕ್ಕಿಕೊಂಡರೂ, ಶೀಟ್ ವಾಲಿದರೂ ಇದೇ ಕಥೆ. ಪಕ್ಕದ ಹತ್ತು ಶೀಟ್‌ಗಳನ್ನೂ ಎಳೆದುಕೊಂಡು ಅದುರಿಸುತ್ತದೆ. ಗೈಡ್ ಚೌಕಟ್ಟು, ತೊಳೆದು ಗ್ರೀಸ್ ಹಚ್ಚಿದ ಕೊಂಡಿ, ಮೊದಲ ಶೀಟಿನ ತೂಗು ನೇರವಿರುವುದು, ಇವು ಮೂರಕ್ಕೆ ಕೊಡುವ ಸಮಯ ವ್ಯರ್ಥವಲ್ಲ.

ಸಡಿಲ ಮರಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಡಬ್ಬಿಗೆ ರವೆ ತುಂಬಿ ಕುಲುಕಿದರೆ ಮಟ್ಟ ಇಳಿಯುವಂತೆ ಸಡಿಲ ಮರಳು ಕಂಪನಕ್ಕೆ ಒತ್ತಾಗಿ ಕೂರುತ್ತದೆ. ಮರಳಿನ ಕಣಗಳು ಜಾಗ ಬದಲಿಸಲು ಬೇಕಾದ ಕತ್ತರಿ ಎಳೆತ ಸುಮಾರು 0.01 ಶೇಕಡಾ. ಕತ್ತರಿ ಅಲೆ ಸೆಕೆಂಡಿಗೆ 120 ಮೀಟರ್ ಸಾಗುವ ಸಡಿಲ ಮರಳಿನಲ್ಲಿ ಅದಕ್ಕೆ ಪಿಪಿವಿ 12 ಮಿ.ಮೀ./ಸೆ. ಬೇಕೆಂದು ಲೆಕ್ಕ ಹೇಳುತ್ತದೆ. ಪೈಲಿನ ಹತ್ತಿರ ಇದು ಸುಲಭವಾಗಿ ದಾಟುತ್ತದೆ. ಆದರೆ ಲ್ಯಾಸಿ ಮತ್ತು ಗೌಲ್ಡ್ 1985ರಲ್ಲಿ ನಿಜವಾದ ಸೈಟುಗಳ ದಾಖಲೆ ನೋಡಿ ಬರೆದದ್ದು ಇನ್ನೂ ಎಚ್ಚರಿಕೆಯ ಮಾತು: ಒಂದೇ ಗಾತ್ರದ ಕಣಗಳ ಸಡಿಲ ಮರಳಿನಲ್ಲಿ 2.5 ಮಿ.ಮೀ./ಸೆ.ನಷ್ಟು ಸಣ್ಣ ಕಂಪನವೂ ನೆಲವನ್ನು ಕುಸಿಸಬಲ್ಲದು. ಮೇಲೆ ಹೇಳಿದ ಎಲ್ಲ ಮನೆ ಮಿತಿಗಳಿಗಿಂತ ಇದು ಕೆಳಗಿದೆ. "ಮೂರು ದಾಟಿಲ್ಲ" ಎಂಬ ಮಾತು ನಿಲ್ಲದಿರುವುದು ಇಲ್ಲಿ. ಆ ಮಿತಿಗಳು ಗೋಡೆಯ ಪ್ಲಾಸ್ಟರಿಗೆ ಬರೆದವು, ಪಾಯದ ಕೆಳಗಿನ ಮರಳಿಗೆ ಬರೆದವಲ್ಲ.

ಕುಸಿತ ಎಷ್ಟಾಗಬಹುದು? 5 ಮೀಟರ್ ದಪ್ಪದ ಸಡಿಲ ಪದರ ಒಂದು ಶೇಕಡಾ ಒತ್ತಾದರೆ ನೆಲ 50 ಮಿ.ಮೀ. ಇಳಿಯಿತು. ಇಡೀ ಮನೆ ಸಮನಾಗಿ ಇಳಿದರೆ ಒಳಗೆ ಬರುವ ಪೈಪುಗಳು ಮುರಿದಾವು, ಗೋಡೆ ಉಳಿದೀತು. ಹಾಗೆ ಆಗುವುದಿಲ್ಲ. ಪೈಲಿನ ಕಡೆಯ ಮೂಲೆ ಹೆಚ್ಚು ಇಳಿಯುತ್ತದೆ, ಆಚೆ ಮೂಲೆ ಇದ್ದಲ್ಲೇ ಇರುತ್ತದೆ. ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 1956ರಲ್ಲಿ ಕೊಟ್ಟ ಅಳತೆ ಈಗಲೂ ಚಾಲ್ತಿಯಲ್ಲಿದೆ: ಅಕ್ಕಪಕ್ಕದ ಎರಡು ಆಧಾರಗಳ ನಡುವಿನ ದೂರದ 300ರಲ್ಲಿ ಒಂದು ಪಾಲು ಕುಸಿತದ ವ್ಯತ್ಯಾಸ ಬಂದರೆ ಗೋಡೆ ಬಿರುಕು ಬಿಡಬಹುದು, 150ರಲ್ಲಿ ಒಂದು ಪಾಲಾದರೆ ಕಟ್ಟಡದ ಚೌಕಟ್ಟಿಗೇ ಪೆಟ್ಟು. 4 ಮೀಟರ್ ಅಂತರದ ಕಾಲಮ್‌ಗಳಿಗೆ ಇವು ಸುಮಾರು 13 ಮತ್ತು 27 ಮಿ.ಮೀ.

ಹಾಗಾಗಿ ಪೈಲಿಂಗ್ ಒಪ್ಪಂದಕ್ಕೆ ಮುನ್ನ ನೋಡಬೇಕಾದ ಮೊದಲ ಕಾಗದ ಬೋರ್‌ಹೋಲ್ ವರದಿ. ಮರಳಿನಲ್ಲಿ ಎಸ್‌ಪಿಟಿ ಎನ್ ಮೌಲ್ಯ (ಪರೀಕ್ಷಾ ಕೊಳವೆಯನ್ನು ನಿಗದಿತ ಆಳ ಇಳಿಸಲು ಬಿದ್ದ ಪೆಟ್ಟುಗಳ ಲೆಕ್ಕ) 10ರ ಕೆಳಗಿದ್ದರೆ ಅದು ಸಡಿಲ. ಅಂಥ ಪದರ ಪಾಯದ ಕೆಳಗಿದೆ, ಅಂತರ್ಜಲವೂ ಮೇಲಿದೆ ಅಂದರೆ ಬಡಿಯುವ ಪೈಲನ್ನೇ ಕೈಬಿಡುವುದು ಸರಿ, ಮೀಟರ್ ಇಟ್ಟು ನೋಡೋಣ ಅನ್ನುವುದಲ್ಲ. ಬಡಿಯಲೇಬೇಕೆಂದರೆ ಕಂಪನದ ಮೀಟರಿಗಿಂತ ಮಟ್ಟದ ಅಳತೆ ಮುಖ್ಯ. ಮನೆಯ ಪ್ರತಿ ಮೂಲೆಗೂ, ಪೈಲಿನ ಕಡೆಯ ಗೋಡೆಗೆ ಪ್ರತಿ 3-4 ಮೀಟರಿಗೂ ಸ್ಟೀಲಿನ ಗುರುತು ಮೊಳೆ ಕೂರಿಸಿ. ಡಿಜಿಟಲ್ ಲೆವೆಲ್‌ನಿಂದ ಅರ್ಧ ಮಿ.ಮೀ. ನಿಖರತೆ ಸಿಗಬೇಕು. ಆಧಾರ ಬಿಂದು ಕಂಪನ ತಲುಪದಷ್ಟು ದೂರದಲ್ಲಿರಲಿ. ಎದುರು ಮನೆಯ ಮೆಟ್ಟಿಲನ್ನೇ ಆಧಾರ ಮಾಡಿಕೊಂಡು ಅದೂ ಜೊತೆಗೆ ಇಳಿದು "ಕುಸಿತ ಸೊನ್ನೆ" ಎಂಬ ವರದಿ ಬರುವುದಕ್ಕೆ ಅವಕಾಶ ಕೊಡಬೇಡಿ. ಬಡಿಯುವ ಮುನ್ನ ಕನಿಷ್ಠ ಮೂರು ಬೇರೆ ಬೇರೆ ದಿನ ಅಳೆದು, ಏನೂ ನಡೆಯದಾಗ ರೀಡಿಂಗ್ ಎಷ್ಟು ಅಲುಗುತ್ತದೆಂದು ತಿಳಿದಿರಬೇಕು. ಕುಸಿತ 5 ಮಿ.ಮೀ. ಆದಾಗ ಕೆಲಸ ನಿಲ್ಲಿಸಿ ಯೋಚಿಸುವುದೆಂದು ಮೊದಲೇ ಬರೆದಿಟ್ಟರೆ ಆಮೇಲೆ ಚರ್ಚೆ ಕಡಿಮೆ.

ಇನ್ನೊಂದು ಗೋಜಲು: ಅದೇ ಹೊತ್ತಿಗೆ ಸೈಟಿನಲ್ಲಿ ನೀರು ಪಂಪ್ ಮಾಡಿ ಅಂತರ್ಜಲ ಇಳಿಸುತ್ತಿದ್ದರೆ, ಪಕ್ಕದಲ್ಲೇ ಗುಂಡಿ ಅಗೆಯುತ್ತಿದ್ದರೆ ಅವೂ ಕುಸಿತ ತರುತ್ತವೆ. ಯಾವ ದಿನ ಯಾವ ಕೆಲಸ ನಡೆಯಿತೆಂಬ ದಾಖಲೆ ಇಲ್ಲದೆ ಮೂರನ್ನೂ ಬೇರ್ಪಡಿಸಲು ಸಾಧ್ಯವಿಲ್ಲ.

ಜೇಡಿಮಣ್ಣಿನಲ್ಲಿ ತಿರುವು ಮುರುವು

ಮೆತ್ತನೆಯ ಜೇಡಿಯಲ್ಲಿ ನೆಲ ಇಳಿಯುವ ಬದಲು ಏಳುತ್ತದೆ. ಹೊಕ್ಕ ಪೈಲಿನ ಗಾತ್ರದಷ್ಟು ಮಣ್ಣು ಎಲ್ಲಾದರೂ ಹೋಗಲೇಬೇಕು. 300 ಮಿ.ಮೀ. ಚೌಕದ 15 ಮೀಟರ್ ಪೈಲ್ 1.35 ಘನ ಮೀಟರ್ ಮಣ್ಣು ತಳ್ಳುತ್ತದೆ, 40 ಪೈಲ್ ಅಂದರೆ 54 ಘನ ಮೀಟರ್. ಕಂಪನದ ಮೀಟರ್ ಇದನ್ನು ತೋರಿಸುವುದೇ ಇಲ್ಲ. ಮನೆಯ ಪಕ್ಕದ ಸಾಲನ್ನು ಮೊದಲು ಬಡಿದು ದೂರಕ್ಕೆ ಹೋಗುತ್ತಾ ಬಂದರೆ ಮಣ್ಣು ಆಚೆಗೆ ಸರಿಯುತ್ತದೆ. ಉಲ್ಟಾ ಮಾಡಿದರೆ ಮನೆಯ ಕಡೆಗೇ ಸರಿಯುತ್ತದೆ. ಪೈಲಿಗಿಂತ ಸ್ವಲ್ಪ ಸಣ್ಣ ವ್ಯಾಸದ ತೂತನ್ನು ಮೊದಲೇ ಕೊರೆದರೆ ತಳ್ಳುವ ಗಾತ್ರವೂ ಕಂಪನವೂ ಎರಡೂ ತಗ್ಗುತ್ತವೆ. ಬಡಿದಾಗ ಜೇಡಿಯೊಳಗೆ ಏರಿದ ನೀರಿನ ಒತ್ತಡ ಇಳಿಯಲು ವಾರಗಳು, ತಿಂಗಳುಗಳು ಬೇಕು. ಎದ್ದ ನೆಲ ಆಗ ಮೆಲ್ಲಗೆ ಕೂರುತ್ತದೆ.

ಉಪಕರಣ ಇಡುವುದು

ಜಿಯೋಫೋನ್ ಮೂರು ದಿಕ್ಕಿನದಿರಬೇಕು. ಡಿಐಎನ್ ಪ್ರಕಾರ ಪಾಯದ ಅಳತೆಗೆ ಪೈಲ್ ಇರುವ ಕಡೆಯ ಹೊರಗೋಡೆಯಲ್ಲಿ, ನೆಲದಿಂದ ಅರ್ಧ ಮೀಟರಿಗಿಂತ ಮೇಲೆ ಹೋಗದಂತೆ ಇಡಬೇಕು. ಗಟ್ಟಿ ಕಲ್ಲು ಅಥವಾ ಕಾಂಕ್ರೀಟಿಗೆ ಬೋಲ್ಟ್ ಹಾಕಿ, ಇಲ್ಲವೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ. ಸಡಿಲ ಟೈಲ್ಸ್ ಮೇಲೆ, ಕಾರ್ಪೆಟ್ ಮೇಲೆ, ಉದುರುವ ಪ್ಲಾಸ್ಟರ್ ಮೇಲೆ ಇಟ್ಟ ಉಪಕರಣ ತನ್ನದೇ ಕುಣಿತವನ್ನು ಬರೆದುಕೊಳ್ಳುತ್ತದೆ. ಮಣ್ಣಿನಲ್ಲಾದರೆ ಹೂತು ಸುತ್ತ ಗಟ್ಟಿಯಾಗಿ ತುಳಿಯಬೇಕು. ಇನ್ನೊಂದನ್ನು ಅತಿ ಮೇಲಿನ ಮಹಡಿಯಲ್ಲಿ ಇಡದಿದ್ದರೆ ವೈಬ್ರೋ ಹ್ಯಾಮರಿನ ವಿಷಯದಲ್ಲಿ ಅರ್ಧ ಕುರುಡು.

ಗರಿಷ್ಠ ಅಂಕಿ ಮಾತ್ರ ಉಳಿಸುವ ಕ್ರಮದಲ್ಲಿ ಇಟ್ಟು ಹೋಗುವುದು ಸಾಮಾನ್ಯ. ಆಮೇಲೆ 22 ಎಂಬ ಅಂಕಿ ಬಂದಾಗ ಅದು ಪೈಲಿನದೋ, ಯಾರೋ ಕಾಲು ತಾಗಿಸಿದ್ದೋ ಹೇಳಲಾಗದು. ಮಿತಿಯ ಅರ್ಧ ದಾಟಿದಾಗಲಾದರೂ ಪೂರ್ತಿ ಅಲೆಯನ್ನು ಉಳಿಸುವಂತೆ ಹೊಂದಿಸಿ. ಪೈಲಿನ ಪೆಟ್ಟು ಅಲೆಯಲ್ಲಿ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಬರುತ್ತದೆ, ಕಾಲು ತಾಗಿದ್ದು ಒಂಟಿಯಾಗಿ ನೆಟ್ಟಗೆ ನಿಂತಿರುತ್ತದೆ. ಡಿಐಎನ್ ಮಿತಿಯನ್ನು ಮೂರು ದಿಕ್ಕುಗಳಲ್ಲಿ ಅತಿ ದೊಡ್ಡದಕ್ಕೆ ಹೋಲಿಸುತ್ತಾರೆ, ಮೂರೂ ಸೇರಿಸಿದ ಮೊತ್ತಕ್ಕಲ್ಲ. ವರದಿಯಲ್ಲಿ ಯಾವುದು ಬರೆದಿದೆ ಎಂದು ಕೇಳಿ.

ಬಿರುಕು ಓದುವುದು

ಪೈಲಿಂಗ್‌ಗೆ ಮುನ್ನ ಮನೆಯ ಪ್ರತಿ ಕೋಣೆಯ ಬಿರುಕಿನ ದಾಖಲೆ ಆಗಬೇಕು, ಮನೆಯವರು ಮತ್ತು ಗುತ್ತಿಗೆದಾರರು ಇಬ್ಬರೂ ಸಹಿ ಹಾಕಬೇಕು. ಫೋಟೋದಲ್ಲಿ ಅಳತೆಪಟ್ಟಿಯೂ ಕಾಣಬೇಕು, ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆಯಬೇಕು. ಹತ್ತಿರದಿಂದ, ಓರೆಯಾಗಿ ಟಾರ್ಚ್ ಹಿಡಿದು ನೋಡಿದರೆ ಹಳೇ ಬಿರುಕಿನ ಅಂಚು ಮೊಂಡಾಗಿರುತ್ತದೆ, ಒಳಗೆ ಧೂಳು, ಕೆಲವೊಮ್ಮೆ ಜೇಡರ ಬಲೆ, ಹಿಂದಿನ ಸಲದ ಬಣ್ಣ ಇಳಿದಿರುತ್ತದೆ. ಹೊಸದರ ಅಂಚು ಹರಿತ, ಒಳಗಿನ ಗಾರೆ ಸ್ವಚ್ಛ ಬಣ್ಣದ್ದು, ಕೆಳಗೆ ನೆಲದಲ್ಲಿ ಬಿಳಿ ಪುಡಿ. ಕಿಟಕಿ ಮೂಲೆಯಿಂದ ಹೊರಟ ಕೂದಲೆಳೆ ಬಿರುಕು ಉದ್ದಕ್ಕೂ ಒಂದೇ ಅಗಲವಿದ್ದರೆ ಕಂಪನ ಅಥವಾ ಬಿಸಿ-ತಂಪಿನ ಕೆಲಸವಿರಬಹುದು. ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಏರಿ ಒಂದು ತುದಿಗೆ ಅಗಲವಾಗುತ್ತಾ ಹೋಗಿದ್ದರೆ, ಪಕ್ಕದ ಬಾಗಿಲೂ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ ಪಾಯ ಅಲುಗಿದೆ. ಮೊದಲನೆಯದಕ್ಕೆ ಪುಟ್ಟಿ ಸಾಕು. ಎರಡನೆಯದಕ್ಕೆ ಪುಟ್ಟಿ ಹಚ್ಚುವುದೆಂದರೆ ಸಾಕ್ಷಿ ಅಳಿಸಿದಂತೆ.

ಬಿರುಕಿನ ಎರಡೂ ಬದಿಗೆ ಅಂಟಿಸುವ ಗೇಜನ್ನು ದಿನಾ ಒಂದೇ ಹೊತ್ತಿಗೆ ಓದಬೇಕು. ಬೆಳಗ್ಗೆ ಒಂದು ದಿನ, ಮಧ್ಯಾಹ್ನ ಒಂದು ದಿನ ಓದಿದರೆ ಬಿಸಿಲಿನ ಅಲುಗಾಟವೇ ಪೈಲಿಂಗ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ.

ತಡೆಯುವ ಉಪಾಯಗಳು

ಮನೆ ಮತ್ತು ಪೈಲಿನ ನಡುವೆ ಕಂದಕ ತೋಡಿದರೆ ಕಂಪನ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಾರೆ. ವುಡ್ಸ್ 1968ರಲ್ಲಿ ಪ್ರಯೋಗ ಮಾಡಿ ಹೇಳಿದ್ದು: ಮೂಲದ ಹತ್ತಿರವೇ ತೋಡಿದರೂ ಕಂದಕದ ಆಳ ಮೇಲ್ಮೈ ಅಲೆಯ ಉದ್ದದ 0.6 ಪಾಲು ಬೇಕು, ಮನೆಯ ಹತ್ತಿರ ತೋಡುವುದಾದರೆ ಅದಕ್ಕಿಂತ ಎರಡು ಪಟ್ಟು. ಸೆಕೆಂಡಿಗೆ 150 ಮೀಟರ್ ಸಾಗುವ ಅಲೆಗೆ 15 ಹರ್ಟ್ಜ್‌ನಲ್ಲಿ ಉದ್ದ 10 ಮೀಟರ್, ಅಂದರೆ ಕಂದಕದ ಆಳ 6 ಮೀಟರ್. ಮನೆ ಪಕ್ಕ ಆಧಾರವಿಲ್ಲದೆ ಅಷ್ಟು ಆಳ ಅಗೆಯುವುದು ಕಂಪನಕ್ಕಿಂತ ದೊಡ್ಡ ಅಪಾಯ. ಒಂದೆರಡು ಮೀಟರಿನ ಕಂದಕ ತೋಡುವುದು ಮನೆಯವರ ಸಮಾಧಾನಕ್ಕೆ, ಅಷ್ಟೇ.

ಕೆಲಸಕ್ಕೆ ಬರುವುದು ವಿಧಾನ ಬದಲಿಸುವುದು. ಕೊರೆದು ಸ್ಥಳದಲ್ಲೇ ಕಾಂಕ್ರೀಟ್ ತುಂಬುವ ಪೈಲ್, ತಿರುಪಿನಂಥ ಕೊರಕದಿಂದ ಹಾಕುವ ಆಗರ್ ಪೈಲ್, ಶೀಟಿಗೆ ಹೈಡ್ರಾಲಿಕ್ ಒತ್ತುವ ಯಂತ್ರ. ಕೊರೆಯುವ ಪೈಲ್ ಆಯ್ದರೂ ಕೇಸಿಂಗನ್ನು (ರಂಧ್ರ ಕುಸಿಯದಂತೆ ಹಾಕುವ ಉಕ್ಕಿನ ಕೊಳವೆ) ವೈಬ್ರೋ ಹ್ಯಾಮರಿನಿಂದ ಇಳಿಸುತ್ತಾರಾ ಎಂದು ಕೇಳಿಕೊಳ್ಳಿ. ಎಷ್ಟೋ ಕಡೆ ಮುಖ್ಯ ಕೆಲಸ ಶಾಂತ, ಕೇಸಿಂಗ್ ಇಳಿಸುವ ಹತ್ತು ನಿಮಿಷವೇ ಎಲ್ಲ ದೂರಿಗೂ ಮೂಲ. ಸಡಿಲ ಮರಳಿನಲ್ಲಿ ಕೊರೆಯುವಾಗ ರಂಧ್ರದ ಗೋಡೆ ಕುಸಿದರೂ ಪಕ್ಕದ ನೆಲ ಇಳಿಯುತ್ತದೆ, ಆ ಗೋಡೆಯನ್ನು ಹಿಡಿದಿಡುವ ಬೆಂಟೊನೈಟ್ ದ್ರವದ ಮಟ್ಟ ಅಂತರ್ಜಲಕ್ಕಿಂತ ಮೇಲಿರುವುದನ್ನು ಕಾಯಬೇಕು.

ಪೈಲಿಂಗ್ ಮುಗಿದ ದಿನ ಉಪಕರಣ ಕಳಚಿಕೊಂಡು ಹೋಗುವುದು ರೂಢಿ. ಆದರೆ ತಾತ್ಕಾಲಿಕ ಶೀಟ್ ಪೈಲ್ ಹಾಕಿದ್ದರೆ ಅದನ್ನು ಕೀಳುವ ಕೆಲಸ ತಿಂಗಳುಗಳ ಮೇಲೆ ಬರುತ್ತದೆ. ಕೀಳುವಾಗ ಶೀಟಿಗೆ ಅಂಟಿದ ಜೇಡಿ ಜೊತೆಗೇ ಮೇಲೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಮನೆಯ ಕಡೆಯ ಮಣ್ಣು ಜಾರುತ್ತದೆ, ಕಂಪನ ಮರಳನ್ನು ಮತ್ತೆ ಒತ್ತಾಗಿಸುತ್ತದೆ. ಎಲ್ಲ ಶೀಟುಗಳನ್ನು ಒಟ್ಟಿಗೆ ಕೀಳದೆ ಬಿಟ್ಟು ಬಿಟ್ಟು ಕೀಳಿ, ಖಾಲಿ ಜಾಗಕ್ಕೆ ಕೂಡಲೇ ಗ್ರೌಟ್ (ಸಿಮೆಂಟ್ ಗಂಜಿ) ತುಂಬಿಸಿ. ಪಾಯಕ್ಕೆ ತೀರಾ ಹತ್ತಿರದ ಶೀಟುಗಳನ್ನು ಕೀಳದೆ ಮೇಲಿನಿಂದ ಕತ್ತರಿಸಿ ನೆಲದಲ್ಲೇ ಬಿಡುವ ಖರ್ಚನ್ನು ಟೆಂಡರಿನಲ್ಲೇ ಸೇರಿಸಿ. ಮಟ್ಟದ ಗುರುತು ಮೊಳೆಗಳು ಅಲ್ಲಿಯವರೆಗೂ ಗೋಡೆಯಲ್ಲೇ ಇರಲಿ.